ಬೀಗ ಅಂದರೆ ಕೀಲಿ

ದೇಶಪಾಂಡೆ ನಗರ, ಹುಬ್ಬಳ್ಳಿ
ತಾ. ೧೨-೮-೧೯೬೯

ಪ್ರೀತಿಯ ಸೊಸೆ ದಾನಮ್ಮನಿಗೆ,

ನಿನ್ನ ಅತ್ತೆಯ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ, ನಿನ್ನ ತಾಯಿ ಬಂದು ಹೋದ ಮೇಲೆ ಈ ಮನೆಯಲ್ಲಿ ಯಾರ ಮುಖದಲ್ಲೂ ಕ್ಷೇಮ ಉಳಿದಿಲ್ಲ. ಕಾಗದ ಉದ್ದವಾಗುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ದಿಂಬಿನ ಕೆಳಗಿಟ್ಟುಕೊಂಡು ಸ್ವಲ್ಪ ಸ್ವಲ್ಪ ಓದು. ಆದರೆ ಪೂರಾ ಓದು.

ಬೀಗಿತ್ತಿ ಮುತ್ತವ್ವನವರು ಹೋದ ವಾರ ಮೊದಲನೇ ಬಸ್ಸಿಗೇ ಬಂದಿಳಿದರು. ಚಹಾ ಮುಟ್ಟಲಿಲ್ಲ. ಪಡಸಾಲೆಯಲ್ಲಿ ನಿಂತುಕೊಂಡೇ, "ಡಾಕ್ಟರು ಬಾಯಿಬಿಟ್ಟು ಹೇಳ್ಯಾರ್ರಿ, ನನ್ನ ಮಗಳ ತಲಿಯಾಗಿನ ತ್ರಾಸೆಲ್ಲಾ ಬೀಗರದಂತ! ನಿಮ್ಮಿಂದ ದೂರ ಇದ್ರ ಸಾಕು, ಗುಳಿಗಿ ಯಾಕ ಬೇಕು? ತಿಪ್ಪಿಗೆ ಒಗದು ಬಂದೇನಿ" ಅಂದರು. ನಾನು ಬಾಯಿಗೇನು ಕಡಿಮೆಯವಳೇ? ಆದರೆ ಆ ದಿನ ಆರಿದ ಚಹಾ ಎತ್ತಿಕೊಂಡು ಒಳಗೆ ಹೋದೆ. ಅವರು ಹೋದ ಮೇಲೆ, ನಿನಗೆ ನಾನೇನು ಮಾಡಿದೆ ಎಂದು ಹುಡುಕುತ್ತ ಕುಳಿತೆ. ಸಾರಿಗೆ ಉಪ್ಪು ಹೆಚ್ಚಾದಾಗ ಅಂದದ್ದು, ನೀನು ಸಾಲಿಯಲ್ಲಿ ಪಾಠ ಮುಗಿಸಿ ತಡವಾಗಿ ಬಂದಾಗ ಅಂದದ್ದು, ಎಲ್ಲ ನೆನಪಾದವು. ಇವು ಒಬ್ಬಳನ್ನು ಹಾಸಿಗೆಗೆ ಕೆಡವುವಂಥ ಮಾತುಗಳಲ್ಲ ಅನ್ನಿಸಿತು. ಆದರೂ ಖಾತ್ರಿಯಿರಲಿಲ್ಲ.

ರವಿವಾರ ನಿನ್ನನ್ನು ನೋಡಿಕೊಂಡು ಬಂದ ಗುರುಸಿದ್ದ ಊಟಕ್ಕೆ ಕೂಡಲಿಲ್ಲ. ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿ, "ನಾ ಇದ್ರೂ ಒಂದ, ಹ್ವಾದ್ರೂ ಒಂದ" ಅಂದೆಯಂತೆ. ಗಂಡನೆದುರು ಆಡುವ ಮಾತೇನೇ ಅದು? ಮರುದಿನ ನಾನೇ ಧಾರವಾಡಕ್ಕೆ ಬಂದು ಆ ಡಾಕ್ಟರರ ಎದುರು ಕುಳಿತೆ. ಜಗಳಕ್ಕೇ ಬಂದಿದ್ದೆ, ಸುಳ್ಳೇಕೆ ಹೇಳಲಿ.

ಸಣ್ಣ ವಯಸ್ಸಿನವರು, ಮೈಸೂರು ಕಡೆಯವರು. "ಬೀಗರು ಏನು ಮಾಡ್ಯಾರ ಹೇಳ್ರಿ" ಅಂದೆ. ಅವರು ಪಿಳಿಪಿಳಿ ಕಣ್ಣು ಬಿಟ್ಟರು. ಆಮೇಲೆ ಕಪಾಟಿಗೆ ಹಾಕಿದ್ದ ಕೀಲಿ ಹಿಡಿದು ಅಲ್ಲಾಡಿಸಿ, "ತಲೆಯೊಳಗಿನ ಬೀಗದ ತೊಂದರೆ ಅಂತ ಅವರ ತಾಯಿಗೆ ಹೇಳಿದೆ. ಇದಮ್ಮಾ, ಬೀಗ!" ಅಂದರು. ನೋಡು ದಾನಮ್ಮ, ನಮ್ಮಲ್ಲಿ ಬೀಗರು ಅಂದರೆ ಹೆಣ್ಣು ಕೊಟ್ಟು ತಂದವರು. ಅವರ ಕಡೆ ಕೀಲಿಗೇ ಬೀಗ ಅನ್ನುತ್ತಾರಂತೆ! ರಾಜ್ಯ ಒಂದಾಗಿ ಇಷ್ಟು ವರ್ಷವಾದರೂ ಕೀಲಿ ಇನ್ನೂ ಒಂದಾಗಿಲ್ಲ. ನಿನ್ನ ತಾಯಿಯ ಸಿಟ್ಟಿನ ಮುಖ ನೆನಪಾಗಿ ನಕ್ಕುಬಿಟ್ಟೆ. ನಾನು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಅವರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮಿದುಳಿನಲ್ಲಿ ನೂಲಿನಂಥ ಎಳೆಗಳಿವೆ. ಒಂದರಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಬೇಕಾದರೆ ನಡುವಿನ ಸಂದಿ ದಾಟಿ ಸಿರೊಟೋನಿನ್ ಎಂಬ ರಸ ಹೋಗಬೇಕು. ಅದೇ ಕೀಲಿಕೈ. ಆಚೆಯ ಎಳೆಯ ಮೈಮೇಲೆ ಅದಕ್ಕೆಂದೇ ಸಣ್ಣ ಸಣ್ಣ ಕೀಲಿಗಳಿವೆ, ರಿಸೆಪ್ಟರ್ ಅಂತ ಹೆಸರು. ನಿನ್ನಂತೆ ಬೇಸರ ಹಿಡಿದವರಲ್ಲಿ ಆ ರಸ ಸಾಲುವುದಿಲ್ಲ ಎಂದು ಪಂಡಿತರ ಊಹೆ. ಬಿಟ್ಟ ರಸವನ್ನು ಮೊದಲನೇ ಎಳೆಯೇ ಮತ್ತೆ ಹೀರಿಕೊಳ್ಳುತ್ತದೆ. ಗುಳಿಗೆ ಅದನ್ನು ತಡೆದು, ರಸ ಕೀಲಿಯ ಹತ್ತಿರ ಇನ್ನಷ್ಟು ಹೊತ್ತು ನಿಲ್ಲುವಂತೆ ಮಾಡುತ್ತದೆ.

"ಹಂಗಾದ್ರ ನುಂಗಿದ ದಿನಾನ ಯಾಕ ಆರಾಮ ಆಗೂದಿಲ್ರಿ?" ಎಂದು ಕೇಳಿದೆ. ಎರಡು ಮೂರು ವಾರ ಬೇಕೇ ಬೇಕು, ಯಾಕೆ ಅಂತ ನಮಗೂ ಇನ್ನೂ ಸರಿಯಾಗಿ ತಿಳಿದಿಲ್ಲ ಅಂದರು. ತಿಳಿದಿಲ್ಲ ಎಂದು ಒಪ್ಪಿಕೊಂಡ ಡಾಕ್ಟರನ್ನು ನಾನು ನೋಡಿದ್ದು ಇದೇ ಮೊದಲು. ಅದಕ್ಕೇ ಉಳಿದದ್ದನ್ನೂ ನಂಬಿದೆ. ನಮ್ಮ ಅರಳೆ ಗೋದಾಮಿನ ಕೀಲಿ ಮಳೆಗಾಲದಲ್ಲಿ ಜಂಗು ಹಿಡಿದರೆ ಎಣ್ಣೆ ಬಿಟ್ಟು ಕಾಯುತ್ತೇವಲ್ಲ, ಹಾಗೆ ಅಂದುಕೊಂಡೆ.

ಆಮೇಲೆ ನಿನ್ನ ಬಗ್ಗೆ ಕೇಳಿದರು. ಎಲ್ಲಕ್ಕೂ ತಡವರಿಸದೆ ಉತ್ತರ ಕೊಟ್ಟೆ. ಕೋಳಿ ಕೂಗುವ ಮೊದಲೇ ಎಚ್ಚರಾಗುತ್ತದೆ, ಎದ್ದರೆ ಎದೆಯ ಮೇಲೆ ಬೀಸುವ ಕಲ್ಲು ಇಟ್ಟಂತಿರುತ್ತದೆ. ರೊಟ್ಟಿ ಬಾಯಲ್ಲಿ ಹೊಟ್ಟಿನಂತಾಗುತ್ತದೆ. ಯಾರಾದರೂ ಮಾತಾಡಿಸಿದರೆ ಉತ್ತರ ಹೇಳುವುದೇ ದೊಡ್ಡ ದಣಿವು. ಡಾಕ್ಟರರು ಪೆನ್ನು ಕೆಳಗಿಟ್ಟು, "ಸೊಸೆ ತವರಿಗೆ ಹೋಗಿ ಎರಡು ತಿಂಗಳಾಯ್ತು ಅಂತೀರಿ. ಇಷ್ಟೆಲ್ಲ ನಿಮಗೆ ಹೇಗಮ್ಮಾ ಗೊತ್ತು?" ಅಂದರು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಹೊಸ ಗುಳಿಗೆಗಳನ್ನು ಗುರುಸಿದ್ದನ ಕೈಯಲ್ಲಿ ಕಳಿಸಿದ್ದೇನೆ. ಬಾಯಿ ಒಣಗುವ ತ್ರಾಸು ಮೊದಲು ಬರುತ್ತದೆ, ಆರಾಮ ಆಮೇಲೆ ಬರುತ್ತದೆ. ಅದಕ್ಕೇ ಜೊತೆಗೆ ಕಲ್ಲುಸಕ್ಕರೆ ಇಟ್ಟಿದ್ದೇನೆ, ಬಾಯಲ್ಲಿಟ್ಟುಕೋ. ತಾಯಿಯ ಮೇಲೆ ಸಿಟ್ಟಾಗಬೇಡ. ಮಗಳಿಗೆ ನೋವಾದಾಗ ಅವರು ಯಾರನ್ನಾದರೂ ಬೈಯಲೇಬೇಕಿತ್ತು, ನಾನು ಕೈಗೆ ಸಿಕ್ಕೆ. ಈ ಕಾಗದ ಅವರಿಗೂ ಓದಿ ಹೇಳು, ಬೀಗ ಬರುವಲ್ಲಿ ಸ್ವಲ್ಪ ಜೋರಾಗಿ ಓದು.

ಪಂಚಮಿ ತವರಲ್ಲೇ ಆಗಲಿ. ಜೋಕಾಲಿ ಜೀಕಲು ಮನಸ್ಸಿಲ್ಲದಿದ್ದರೆ ಜೀಕಬೇಡ. ಯಾರಾದರೂ ಒತ್ತಾಯ ಮಾಡಿದರೆ "ನಮ್ಮತ್ತಿ ಬ್ಯಾಡ ಅಂದಾಳ" ಅನ್ನು. ಅತ್ತೆಯ ಮೇಲೆ ಹಾಕಿದರೆ ಎಲ್ಲರೂ ನಂಬುತ್ತಾರೆ.

ಇದ್ದರೂ ಒಂದೇ, ಹೋದರೂ ಒಂದೇ ಅಂದೆಯಲ್ಲ, ನೀನಿಲ್ಲದ ಈ ಮನೆಯಲ್ಲಿ ಕುಳಿತು ಹೇಳುತ್ತೇನೆ: ಒಂದೇ ಅಲ್ಲ. ನೀನು ನನಗೆ ಬೇಕು.

ನಿನ್ನ ದಾರಿ ಕಾಯುವ ಅತ್ತೆ,
ಶಿವಲಿಂಗವ್ವ

ತಾ. ಕ.: ಇದನ್ನು ತಾಯಿಗೆ ಓದಬೇಡ, ಗುರುಸಿದ್ದನಿಗೂ ಹೇಳಬೇಡ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ ಅಂತ ಬರೆದೆನಲ್ಲ, ಎದ್ದದ್ದು ಖರೆ. ಡಾಕ್ಟರರು ಮತ್ತೆ ಕೂಡಿಸಿದರು. ನನಗೂ ಅದೇ ಗುಳಿಗೆ ಬರೆದುಕೊಟ್ಟಿದ್ದಾರೆ. ದೇವರ ಮಾಡದಲ್ಲಿ ವಿಭೂತಿಯ ಹಿಂದೆ ಇಟ್ಟಿದ್ದೇನೆ, ಒಬ್ಬಳೇ ನುಂಗಲು ಧೈರ್ಯ ಸಾಲುತ್ತಿಲ್ಲ. ನೀನು ಶುರು ಮಾಡಿದ ದಿನ ಒಂದು ಕಾರ್ಡು ಹಾಕು. ಅದು ಮುಟ್ಟಿದ ದಿನವೇ ನಾನೂ ಶುರು ಮಾಡುತ್ತೇನೆ. ಕಲ್ಲುಸಕ್ಕರೆಯಲ್ಲಿ ಅರ್ಧ ಇಲ್ಲೇ ಇಟ್ಟುಕೊಂಡಿದ್ದೇನೆ.