ನಳದ ತನಕ ನಡೆದು ಕುಳಿತವರಿಗೆ

ಬೆಟಗೇರಿ, ಇಸವಿ ೨೨೧೪, ಹದಿಮೂರನೆಯ ತಿಂಗಳ ಒಂಬತ್ತು.

ಹೆಸರು ಗೊತ್ತಿಲ್ಲದ ಅಕ್ಕನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಹನ್ನೆರಡು ತಿಂಗಳುಗಳನ್ನು ನಾವು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳುಗಳಾಗಿ ಹಂಚಿಕೊಂಡಿದ್ದೇವೆ. ಉಳಿಯುವ ಒಂದು ದಿನಕ್ಕೆ ಹೆಸರಿಲ್ಲ, ಅಂದು ಎಲ್ಲರಿಗೂ ರಜೆ. ನಿಮಗೆ ವಿಚಿತ್ರವೆನಿಸುವ ಮಾತುಗಳು ಈ ಪತ್ರದಲ್ಲಿ ಇನ್ನೂ ಕೆಲವು ಬರುತ್ತವೆ. ಬಂದಲ್ಲೇ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ. ಎಲ್ಲಾದರೂ ಮರೆತರೆ ಕ್ಷಮಿಸಿ. ನನ್ನದು ಸುದ್ದಿ ಓದುವ ಕೆಲಸ, ಪತ್ರ ಬರೆದು ರೂಢಿಯಿಲ್ಲ.

ನನ್ನ ಹೆಸರು ನೀಲಗಂಗಾ ಅಸುಂಡಿ, ವಯಸ್ಸು ಐವತ್ತೆಂಟು. ಬೆಟಗೇರಿಯ ಮೂರನೆಯ ವಾರ್ಡಿಗೆ ನಾನು ಓದುಗಾತಿ. ಯಾರ ದನಿಯನ್ನು ಬೇಕಾದರೂ ಯಂತ್ರದಲ್ಲಿ ಹುಟ್ಟಿಸುವ ಕಾಲ ನಿಮ್ಮಲ್ಲೇ ಶುರುವಾಗಿತ್ತು ಎಂದು ಓದಿದ್ದೇನೆ. ಅದು ಬೆಳೆದು ಬೆಳೆದು, ಕೊನೆಗೆ ಜನ ಯಾವ ದನಿಯನ್ನೂ ನಂಬದಂತಾಯಿತು. ಹಾಗಾಗಿ ಈಗ ಪ್ರತಿ ವಾರ್ಡಿಗೆ ದಿನಪತ್ರಿಕೆಯ ಒಂದೇ ಪ್ರತಿ ಬರುತ್ತದೆ. ಮುಖ ಪರಿಚಯವಿರುವ ಒಬ್ಬರು ಅದನ್ನು ಎಲ್ಲರಿಗೂ ಕಾಣುವ ಎತ್ತರದಲ್ಲಿ ನಿಂತು ಗಟ್ಟಿಯಾಗಿ ಓದಬೇಕು. ಆ ಜಾಗಕ್ಕೆ ಓದುಗಟ್ಟೆ ಎನ್ನುತ್ತೇವೆ. ನಮ್ಮ ವಾರ್ಡಿನ ಓದುಗಟ್ಟೆ ಇರುವುದು ಹಳೆಯ ನೀರಿನ ಟಾಕಿಯ ಮೇಲೆ. ತೊಂಬತ್ತಾರು ಮೆಟ್ಟಿಲು. ಬೆಳಿಗ್ಗೆ ಏಳಕ್ಕೆ ನಾಲ್ಕು ಓಣಿಗಳ ಜನ ನೆರಳುಹಾಸಿನ ಕೆಳಗೆ ಬಂದು ಕೂರುತ್ತಾರೆ. ನೆರಳುಹಾಸು ಎಂದರೆ ಮನೆಯಿಂದ ಮನೆಗೆ ಅಡ್ಡ ಕಟ್ಟಿದ ದಪ್ಪ ಬಟ್ಟೆ. ನಮ್ಮ ಮಗ್ಗಗಳಲ್ಲಿ ಈಗ ಸೀರೆಗಿಂತ ಅದನ್ನೇ ಹೆಚ್ಚು ನೇಯುತ್ತಾರೆ, ಅದಿಲ್ಲದೆ ಎಂಟು ಗಂಟೆಯ ನಂತರ ಬೀದಿಯಲ್ಲಿ ನಿಲ್ಲಲಾಗದು. ಅರ್ಧ ಗಂಟೆ ಓದಿ, ಪತ್ರಿಕೆಯನ್ನು ಗೋಡೆಗೆ ಅಂಟಿಸಿ ಇಳಿಯುತ್ತೇನೆ. ಇಪ್ಪತ್ತೆರಡು ವರ್ಷ ಇದನ್ನು ಮಾಡಿದ್ದೇನೆ.

ಈ ವರ್ಷ ನನಗೆ ಕೆಂಗಾಳಿ ಜ್ವರ ಬಂತು. ನಮ್ಮ ಬೇಸಿಗೆ ಈಗ ಒಂಬತ್ತನೆಯ ತಿಂಗಳ ತನಕ ಎಳೆಯುತ್ತದೆ, ಅದರ ಕೊನೆಗೆ ಉತ್ತರದಿಂದ ಕೆಂಪು ಧೂಳಿನ ಗಾಳಿ ಬೀಸುತ್ತದೆ. ಅದರ ಹಿಂದೆಯೇ ಬರುವ ಶ್ವಾಸಕೋಶದ ಸೋಂಕಿಗೆ ಈ ಹೆಸರು. ಇಪ್ಪತ್ತಾರು ದಿನ ಮಲಗಿದೆ. ಎದ್ದಾಗ ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ವಾರ್ಡಿನ ನಿಯಮದ ಪ್ರಕಾರ ತೊಂಬತ್ತು ದಿನ ಕಟ್ಟೆ ಹತ್ತದ ಓದುಗರ ಜಾಗಕ್ಕೆ ಬೇರೆಯವರನ್ನು ಆರಿಸುತ್ತಾರೆ. ನನಗೆ ಉಳಿದದ್ದು ಅರವತ್ತನಾಲ್ಕು ದಿನ. ಬದಲಿಗೆ ಓದುತ್ತಿದ್ದ ಶರಣಯ್ಯನ ಕಂಠ ಒಳ್ಳೆಯದು, ಆದರೆ ಸಾವಿನ ಸುದ್ದಿಯನ್ನೂ ಮದುವೆಯ ಕರೆಯೋಲೆಯಂತೆ ಓದುತ್ತಾನೆ. ಆ ಕೆಲಸ ಹೋದರೆ ನಾನು ಬೆಳಿಗ್ಗೆ ಏಳುವುದು ಯಾಕೆ ಎಂದು ನನಗೇ ತಿಳಿದಿರಲಿಲ್ಲ.

ಇಲ್ಲಿಗೆ ನಿಮ್ಮ ವಿಷಯ ಬಂತು. ಹಳೆಯ ಬರಹಗಳನ್ನು ಕಾದಿಡುವ ನಮ್ಮ ಹಳೆಗಾಗದದ ಮನೆಯಲ್ಲಿ ನೀಲಿ ರಟ್ಟಿನ ಒಂದು ಶಾಲೆಯ ನೋಟುಪುಸ್ತಕವಿದೆ. ಮೊದಲ ಹಾಳೆಯನ್ನು ಗೆದ್ದಲು ತಿಂದಿದೆ, ಹೆಸರು ಅಲ್ಲಿಯೇ ಹೋಗಿರಬೇಕು. ಅದನ್ನು ಬರೆದವರು ನೀವು. ನಿಮಗೆ ಎದೆಯ ಕಾಯಿಲೆ ಬಂದು ಗುಣವಾಗುತ್ತಿತ್ತು, ಮೊದಲು ನೀವು ದಿನಾಲೂ ಮುಂಜಾನೆ ಕೆರೆ ಸುತ್ತುತ್ತಿದ್ದಿರಿ ಎಂಬಷ್ಟು ತಿಳಿಯುತ್ತದೆ. ಮೂರನೆಯ ದಿನ ನೀವು ಹೀಗೆ ಬರೆದಿದ್ದೀರಿ: "ಇವತ್ತ ನಳದ ತನಕ ಹೋದ್ನಿ. ಬಸಲಿಂಗವ್ವ ಜೋಡಿ ಬಂದಿದ್ಲು. ಆಕಿ ಬಾಯಿ ನಿಲ್ಲಂಗಿಲ್ಲ. ನನಗ ಉತ್ತರಾ ಕೊಡಾಕ ಉಸರ ಸಾಲಲಿಲ್ಲ. ಅಲ್ಲೇ ಕಟ್ಟಿ ಮ್ಯಾಲೆ ಕುಂತ್ವಿ."

ಆ ಐದು ಸಾಲಿನಿಂದ ನಮ್ಮೂರಿನ ಮಾತುನಡಿಗೆ ಹುಟ್ಟಿತು. ಕೆಂಗಾಳಿ ಮೊದಲ ಸಲ ಬಂದ ವರ್ಷ ಯಾರೋ ನಿಮ್ಮ ಪುಸ್ತಕ ತೆಗೆದು ಓದಿದರಂತೆ. ಅಂದಿನಿಂದ ಕಾಯಿಲೆಯಿಂದ ಎದ್ದವರು ಒಬ್ಬರೇ ನಡೆಯುವಂತಿಲ್ಲ. ಜೊತೆಗೊಬ್ಬರು ಇರಬೇಕು, ನಡೆಯುವವರು ಮಾತಾಡುತ್ತಲೇ ಇರಬೇಕು. ಮಾತು ಎಲ್ಲಿ ತುಂಡಾಯಿತೋ ಅಲ್ಲಿ ಕೂರಬೇಕು. ಅದಕ್ಕಾಗಿಯೇ ನಮ್ಮ ಓಣಿಗಳಲ್ಲಿ ಐವತ್ತು ಹೆಜ್ಜೆಗೊಂದು ಕಲ್ಲಿನ ಆಸನವಿದೆ. ವೈದ್ಯರೂ ಇದನ್ನೇ ಹೇಳುತ್ತಾರೆ: ಜ್ವರ ಇಳಿದ ದಿನವೇ ಶ್ವಾಸಕೋಶ ಗುಣವಾಗಿರುವುದಿಲ್ಲ, ಇವತ್ತು ಸುಲಭವೆನಿಸಿದ್ದನ್ನು ನಾಳೆಯೂ ಅಷ್ಟೇ ಮಾಡಿ, ಎದೆ ನೋವು ಅಥವಾ ತಲೆ ಸುತ್ತು ಬಂದರೆ ನಿಲ್ಲಿಸಿ ನಮ್ಮಲ್ಲಿಗೆ ಬನ್ನಿ.

ನನ್ನ ಜೊತೆಗೆ ಬಂದವಳು ಎದುರು ಮನೆಯ ಫಕ್ಕೀರವ್ವ. ಮೂವತ್ತು ವರ್ಷ ತಂತಿಬಂಡಿ ಓಡಿಸಿದವಳು. ತಂತಿಯ ಮೇಲೆ ತೂಗುತ್ತ ಗದಗಿನಿಂದ ಇಲ್ಲಿಗೆ ಬರುವ ಬಂಡಿ ಅದು. ಕೂತೇ ಕೆಲಸ ಮಾಡಿದವಳಿಗೆ ನಡಿಗೆಯೆಂದರೆ ಆಗದು. "ನಿನ್ನ ಸಲುವಾಗಿ ನಾ ಕಾಲು ಸವಸ್ಬೇಕೇನವಾ?" ಎಂದು ಬೈಯುತ್ತಲೇ ದಿನವೂ ಆರು ಗಂಟೆಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಈಗ ನನ್ನ ತಪ್ಪನ್ನು ಬರೆಯಬೇಕು. ನಾನು ಬೆಳೆದದ್ದೇ ಪತ್ರಿಕೆಯ ಮೇಲೆ. ತಲೆಬರಹವನ್ನು ಅರ್ಧ ಉಸಿರಿನಲ್ಲಿ ಗಟ್ಟಿಯಾಗಿ ಹೇಳುವುದು ನನಗೆ ನೀರು ಕುಡಿದಷ್ಟು ಸುಲಭ. ದಿನಗಳು ಓಡುತ್ತಿದ್ದವು. ನಾನು ಮಾತಾಡುವ ಬದಲು ತಲೆಬರಹ ಹೇಳತೊಡಗಿದೆ. "ಹತ್ತಿ ದರ ಇಳಿತ." ನಾಲ್ಕು ಹೆಜ್ಜೆ. "ಕೊಪ್ಪಳ ಸೇತುವೆ ಬಂದ್." ನಾಲ್ಕು ಹೆಜ್ಜೆ. ನಡುವೆ ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರೆಳೆದುಕೊಳ್ಳುತ್ತಿದ್ದೆ. ಫಕ್ಕೀರವ್ವನಿಗೆ ಗೊತ್ತಾಗಲಿಲ್ಲ. ನಲವತ್ತೈದನೆಯ ದಿನ ಹೀಗೆಯೇ ಟಾಕಿಯ ನಲವತ್ತು ಮೆಟ್ಟಿಲು ಹತ್ತಿ ಇಳಿದೆ. ಆ ದಿನ ಏನೂ ಆಗಲಿಲ್ಲ, ನನಗೆ ಹೆಮ್ಮೆಯೇ ಆಯಿತು. ಅದಾದ ಮೂರನೆಯ ದಿನ ಬೆಳಿಗ್ಗೆ ತಟ್ಟೆ ಎತ್ತಲು ಕೈ ಬರಲಿಲ್ಲ. ಮತ್ತೆ ಹನ್ನೊಂದು ದಿನ ಹಾಸಿಗೆ.

ಕೊನೆಯ ದಿನ ಫಕ್ಕೀರವ್ವ ಬಂದು ಕಾಲುದೆಸೆಯಲ್ಲಿ ಕೂತಳು.

"ನೀ ಏನೇನ್ ಮಾತಾಡಿದಿ ಅಂತ ಕುಂತು ನೆನಪ ಮಾಡ್ಕೊಂಡ್ನಿ," ಎಂದಳು. "ಎಲ್ಲಾ ಮೂರ್ ಮೂರ್ ಶಬ್ದ. ಅದು ಮಾತಲ್ಲ, ಪೇಪರಿನ ತಲಿಬರಹ! ಊರ ಮಂದಿಗೆ ಖರೇ ಹೇಳಾಕಿ, ನನಗ ಸುಳ್ಳ ಹೇಳ್ತಿ?"

ನಾನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ. ಅವಳು ಅದನ್ನು ಸರಿಸಿದಳು.

"ನಾಳೆಯಿಂದ ನಿನ್ನ ಮದುವಿ ಕಥಿ ಹೇಳು. ಅದರಾಗ ಪೂರ್ಣವಿರಾಮ ಇರಂಗಿಲ್ಲ. ಒಮ್ಮೆ ಹೇಳಾಕ ಹತ್ತಿದಿ ಅಂದ್ರ ನನಗ ಉಸರ ಕಟ್ತೈತಿ."

ಮತ್ತೆ ಬಾಗಿಲಿನಿಂದ ಶುರು. ಮೊದಲ ದಿನ ಕಥೆಯಲ್ಲಿ ಹೆಣ್ಣು ನೋಡಲು ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ಮಾತು ತುಂಡಾಯಿತು, ಮೊದಲ ಕಲ್ಲಿನಲ್ಲಿ ಕೂತೆವು. ಕೂತ ಮೇಲೆ ಉಸಿರು ಸಮಕ್ಕೆ ಬರುವ ತನಕ ಏಳುವಂತಿರಲಿಲ್ಲ. ವಾರದ ಹೊತ್ತಿಗೆ ಓಣಿಯ ತಿರುವು, ಕಥೆಯಲ್ಲಿ ನಿಶ್ಚಯ. ಸುಸ್ತು ಹೆಚ್ಚಾದ ಮರುದಿನ ಬರೀ ಮನೆಯೊಳಗೆ ಓಡಾಡಿದೆ. ಎಪ್ಪತ್ತನಾಲ್ಕನೆಯ ದಿನ ಟಾಕಿಯ ಬುಡ ಮುಟ್ಟಿದಾಗ ಕಥೆಯಲ್ಲಿ ವರನ ಸೋದರಮಾವ ದಾರಿ ತಪ್ಪಿ ಬೇರೆಯವರ ಮದುವೆಯಲ್ಲಿ ಉಡುಗೊರೆ ಕೊಟ್ಟು ಬಂದಿದ್ದ. ನೇಕಾರರು ಮಗ್ಗ ನಿಲ್ಲಿಸಿ ಕಿಟಕಿಯಿಂದ ಕೇಳುತ್ತಿದ್ದರು. ಒಬ್ಬ ಕೂಗಿದ: "ಯಕ್ಕಾ, ಅಕ್ಕಿಕಾಳು ಯಾವಾಗ ಬೀಳೂದು?" ಫಕ್ಕೀರವ್ವ ತಿರುಗಿ, "ಉಸರ ಬಂದಾಗ! ನೀ ನೇಯಿ!" ಎಂದಳು.

ಎಂಬತ್ತೆಂಟನೆಯ ದಿನ, ಅಂದರೆ ನಿನ್ನೆ, ನಾನು ಮೆಟ್ಟಿಲು ಹತ್ತಿದೆ. ಎಷ್ಟು ಸಲ ಕೂರಬಹುದು ಎಂದು ನಿಯಮದಲ್ಲಿ ಎಲ್ಲಿಯೂ ಬರೆದಿಲ್ಲ, ನಾನು ಎರಡು ಬಾರಿ ಓದಿ ನೋಡಿದ್ದೆ. ಐದು ಸಲ ಕೂತೆ. ಅರವತ್ತನೆಯ ಮೆಟ್ಟಿಲಿನಲ್ಲಿ ಕೂತಾಗ ಇನ್ನು ಸಾಕು, ಇಳಿಯೋಣ ಎಂದೆ. ಕೆಳಗೆ ನಾಲ್ಕು ಓಣಿಗಳ ಜನ ತಲೆಯೆತ್ತಿ ಕಾಯುತ್ತಿದ್ದರು. ಫಕ್ಕೀರವ್ವ ಮೊಣಕಾಲು ಒತ್ತಿಕೊಳ್ಳುತ್ತ, "ಇಳಿಯೂದಿದ್ರ ಇಳಿ. ನನಗ ಅವಸರಿಲ್ಲ. ಆದ್ರ ನೀ ಇನ್ನೂ ಮಾತಾಡಾಕ ಹತ್ತೀಯಲ್ಲಾ," ಎಂದಳು. ಹೌದು, ಮಾತಾಡುತ್ತಿದ್ದೆ. ಪೂರ್ತಿ ವಾಕ್ಯದಲ್ಲಿ. ಎದ್ದೆ. ಕೊನೆಯ ಮೆಟ್ಟಿಲಿನಲ್ಲಿ ಅವಳು ಕೇಳಿದಳು, "ಮದುವಿ ಊಟಾ ಆತಿಲ್ಲೋ?" ಆಯಿತು, ಎಂದೆ. ಮದುವೆ ಮುಗಿದಿತ್ತು.

ಪತ್ರಿಕೆಯನ್ನು ಕುರ್ಚಿಯಲ್ಲಿ ಕೂತು, ಮೂರು ಭಾಗ ಮಾಡಿ ಓದಿದೆ. ದನಿ ಎರಡನೆಯ ಓಣಿಯ ತನಕ ಮಾತ್ರ ಹೋಯಿತಂತೆ. ಅಲ್ಲಿನವರು ಹಿಂದಿನವರಿಗೆ ದಾಟಿಸಿದರು. ಕಟ್ಟೆ ನನ್ನದೇ ಉಳಿಯಿತು. ಕಾಯಿಲೆಯಿಂದ ಮರಳಿದ ಓದುಗರು ಕೊನೆಗೆ ತಮಗೆ ಬೇಕಾದ ಒಂದು ತುಣುಕು ಓದುವ ರೂಢಿಯಿದೆ. ನಾನು ನಿಮ್ಮ ಕೊನೆಯ ಪುಟ ಓದಿದೆ. ನಲವತ್ತೇಳನೆಯ ದಿನ: "ಇವತ್ತ ಕೆರಿ ದಂಡಿ ತನಕ ಹೋದ್ನಿ. ಸುತ್ತ ಹಾಕಾಕ ಆಗಲಿಲ್ಲ. ಇದನ್ನ ಬರದು ಯಾರಿಗೆ ಏನ್ ಆಗೂದೈತಿ? ನಾಳೆಯಿಂದ ಬಿಡ್ತೀನಿ. ಈ ಪುಸ್ತಕ ಒಲಿ ಹಚ್ಚಾಕರೆ ಬಂದೀತು."

ಅಕ್ಕಾ, ಯಾರಿಗೆ ಏನಾಯಿತು ಎಂಬುದರ ವರದಿ ಇದು. ಈ ವಾರ್ಡಿನಲ್ಲಿ ಈ ವರ್ಷ ನೂರ ಹದಿನಾಲ್ಕು ಜನ ಮಾತುನಡಿಗೆ ಮಾಡಿದರು. ನಿಮಗೂ ಬಸಲಿಂಗವ್ವನವರ ನಿಲ್ಲದ ಬಾಯಿಗೂ ನಾವು ಋಣಿಗಳು. ಅವರಿಗೂ ತಿಳಿಸಿ.

ಈ ಪತ್ರ ನಿಮಗೆ ಹೇಗೆ ತಲುಪುತ್ತದೆ ಎಂದು ನನಗೆ ಗೊತ್ತಿಲ್ಲ. ನಿಮ್ಮ ಪುಸ್ತಕದಲ್ಲಿ ಖಾಲಿ ಉಳಿದ ಹಾಳೆಗಳ ಮೇಲೆಯೇ ಬರೆಯುತ್ತಿದ್ದೇನೆ. ಪೆನ್ಸಿಲಾದರೆ ಆಗಬಹುದು ಎಂದು ಹಳೆಗಾಗದದ ಮನೆಯವರು ಒಪ್ಪಿದರು. ಕೋರಿಕೆ ಎರಡು. ಒಂದು, ಇದನ್ನು ಒಲೆಗೆ ಹಾಕಬೇಡಿ. ಇನ್ನೊಂದು, ಎಷ್ಟೋ ವರ್ಷಗಳಿಂದ ನಾವು ನಿಮ್ಮನ್ನು ಕೆರೆಯ ದಂಡೆಯಲ್ಲೇ ಕೂರಿಸಿಕೊಂಡು ಕಾಯುತ್ತಿದ್ದೇವೆ. ಎದ್ದಿರಾ, ಸುತ್ತು ಮುಗಿಯಿತಾ, ಒಂದು ಸಾಲು ಬರೆಯಿರಿ. ಅವಸರವಿಲ್ಲ, ಉಸಿರು ಸಮಕ್ಕೆ ಬರಲಿ. ಕೊನೆಯ ಒಂದು ಹಾಳೆಯನ್ನು ನಾನು ಮುಟ್ಟಿಲ್ಲ. ಅದು ನಿಮ್ಮದು.

ನಿಮ್ಮ ನಂತರ ನಡೆದವಳು,
ನೀಲಗಂಗಾ