ಚಾಚಾ, ನಿಮ್ಮ ಫೋಲ್ಡರ್ ಅಳಿಸಲಿಲ್ಲ

ಪ್ರೀತಿಯ ಚಾಚಾ,

ಸವಣೂರಿನ ನಮ್ಮ ಟೈಪಿಂಗ್ ಅಂಗಡಿಯ ಕಂಪ್ಯೂಟರಿಗೆ ನೀವು ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟ ದಿನ ನಾನು ಹೆದರಿ ಕೀಬೋರ್ಡನ್ನೇ ಮುಟ್ಟಿರಲಿಲ್ಲ. "ಏನೂ ಆಗಂಗಿಲ್ಲವ್ವಾ, ಒತ್ತು. ಕೆಟ್ರ ನಾ ಅದೇನಿ" ಎಂದಿದ್ದಿರಿ. ನೀವು ಪಕ್ಕದ ಮನೆಯವರು, ಆದರೆ ನಮಗೆ ಕಂಪ್ಯೂಟರ್ ಕಲಿಸಿದವರು ನೀವೇ. ಹೋದ ತಿಂಗಳು ಅದು ಕೆಟ್ಟಿತು. ನೀವು ತೀರಿಕೊಂಡು ಆಗಲೇ ವರ್ಷ ಕಳೆದಿತ್ತು.

ಆ ಸೋಮವಾರ ಬೆಳಿಗ್ಗೆ ಎಷ್ಟು ಸಲ ಪಾಸ್‌ವರ್ಡ್ ಹಾಕಿದರೂ ಮತ್ತೆ ಪಾಸ್‌ವರ್ಡನ್ನೇ ಕೇಳುತ್ತಿತ್ತು. ಪೆನ್‌ಡ್ರೈವಿನಿಂದ ಕಂಪ್ಯೂಟರ್ ಚಾಲೂ ಮಾಡಿ ನೋಡಿದರೆ ಡಿಸ್ಕಿನಲ್ಲಿ ಸಿಸ್ಟಂ ಇರುವ ಭಾಗ ಪೂರ್ತಿ ತುಂಬಿ, ಒಳಗೆ ಬಿಡಲು ಜಾಗವೇ ಉಳಿದಿರಲಿಲ್ಲ. ಅರ್ಧಕ್ಕೂ ಹೆಚ್ಚು ಜಾಗ ನಿಮ್ಮ ಹೆಸರಿನ ಫೋಲ್ಡರಿನದು. ತಂಗಿ ರೇಣುಕಾ, "ಚಾಚಾ ಈಗ ಎಲ್ಲಿ ನೋಡಾಕ ಬರ್ತಾರ ಅಕ್ಕ? ಅಳಿಸಿಬಿಡು, ಹೊರಗ ಮಂದಿ ಕುಂತಾರ" ಎಂದಳು. ಅವಳದೇನೂ ತಪ್ಪಲ್ಲ. ಆದರೆ ನನ್ನ ಕೈಯಿಂದ... ಹೇಗೆ ಅಳಿಸಲಿ?

ಡಿಸ್ಕಿನಲ್ಲಿ ಮೊದಲು ವಿಂಡೋಸ್ ಇದ್ದ ಇನ್ನೊಂದು ಭಾಗ, ಆ ಪಾರ್ಟಿಷನ್, ಖಾಲಿ ಬಿದ್ದಿರುವುದು ನೆನಪಾಯಿತು. ನಮ್ಮೆಲ್ಲರ ಫೋಲ್ಡರುಗಳಿರುವ ಹೋಮ್ ಡೈರೆಕ್ಟರಿಯನ್ನೇ ಅಲ್ಲಿಗೆ ಸಾಗಿಸಲು ಹೊರಟೆ. ಯಾರ ಫೈಲು ಅವರ ಹೆಸರಿನಲ್ಲೇ ಉಳಿಯುವಂತೆ ಎಲ್ಲವನ್ನೂ ಕಾಪಿ ಮಾಡಿದೆ. ಹೊಸದು ಸರಿಯಿದೆಯೆಂದು ಖಾತ್ರಿಯಾಗುವವರೆಗೆ ಇರಲೆಂದು ಹಳೆಯದನ್ನು ಅಳಿಸದೆ ಹೆಸರಷ್ಟೇ ಬದಲಿಸಿದೆ. ಹೋಮ್ ಇನ್ನು ಮೇಲೆ ಎಲ್ಲಿರುತ್ತದೆಂದು ಸಿಸ್ಟಮಿಗೆ ತಿಳಿಸುವ ಸಾಲನ್ನೂ ಬರೆದೆ. ಮತ್ತೆ ಚಾಲೂ ಮಾಡಿದರೆ ಕಪ್ಪು ಪರದೆ! ಮತ್ತೆ ಪೆನ್‌ಡ್ರೈವಿನಿಂದ ಚಾಲೂ ಮಾಡಿ ಆ ಸಾಲನ್ನು ತೆರೆದೆ. ರೇಣುಕಾ ಹಿಂದೆ ನಿಂತು ಒಂದೊಂದೇ ಅಕ್ಷರ ಓದಿಸಿದಳು. ಪಾರ್ಟಿಷನ್ನಿನ ಗುರುತಿನ ಸಂಖ್ಯೆಯಲ್ಲಿ '8' ಅಂಕಿಯ ಬದಲು 'ಬಿ' ಅಕ್ಷರ ಒತ್ತಿದ್ದೆ. ತಿದ್ದಿದ ಮೇಲೆ ತೆರೆಯಿತು.

ನಿಮ್ಮ ಫೋಲ್ಡರ್ ಸರಿಯಾಗಿ ಬಂದಿದೆಯೇ ಎಂದು ನೋಡುವಾಗ ಮೊಬೈಲಿನಿಂದ ಹಾಕಿಟ್ಟ ರೆಕಾರ್ಡಿಂಗುಗಳು ಕಂಡವು. ಒಂದನ್ನು ಒತ್ತಿದೆ. ನಿಮ್ಮ ಮನೆಯವರು, ನಮ್ಮ ಚಾಚಿ, ರೊಟ್ಟಿ ಬಡಿಯುತ್ತ ಹಾಡುತ್ತಿದ್ದರು. ಕೂಡಲೇ ಅವರನ್ನು ಕರೆತಂದೆ.

"ಅರೇ, ಇದು ನಾನೇನ? ಯಾವಾಗ ತುಂಬಿಕೊಂಡ್ರು ಇವರು? ನನಗ ಹೇಳೇ ಇಲ್ಲ!" ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನೀವು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಅತ್ತರು ಕೂಡ. ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಹಾಡಿನಾಗ ಒಂದು ನುಡಿ ಬಿಟ್ಟೇನಿ. ಶುಕ್ರವಾರ ಬರ್ತೇನಿ, ಅದನ್ನೂ ತುಂಬಿಕೋವ್ವಾ" ಎಂದರು.

ಬಂದರು. ಒಂದು ನುಡಿಯಲ್ಲ, ನಾಲ್ಕು ಹಾಡು ಹಾಡಿದರು. ಮುಗಿಸಿ ಏನು ಕೇಳಿದರು ಗೊತ್ತೇ? "ಇದನ್ನ ನಾನ ಹಚ್ಚೋದು ಹೆಂಗ? ಕಲಿಸಿಕೊಡು." ಈಗ ದಿನಾ ಮಧ್ಯಾಹ್ನ ನನ್ನ ಪಕ್ಕ ಬಂದು ಕೂರುತ್ತಾರೆ. ಮೌಸ್ ಹಿಡಿಯುವುದು ಬಂದಿದೆ ಚಾಚಾ. ನಿನ್ನೆ ತಮ್ಮ ಹೆಸರನ್ನು ತಾವೇ ಟೈಪ್ ಮಾಡಿದರು.

ನಿಮ್ಮ
ಮಂಜುಳಾ