ಬೀನ್ಸ್ ಪಾತಿಯಲ್ಲಿ ಮಂದಾರ

ಮಾರ್ಚ್ ೯, ಭಾನುವಾರ ಸಂಜೆ

ನನ್ನ ಮುದ್ದಿನ ಅತ್ತಿಗೆಗೆ, ತಪ್ಪಿತಸ್ಥ ನಾದಿನಿಯ ನಮಸ್ಕಾರ.

ಮೊದಲು ಕೂತುಕೊಳ್ಳಿ. ನಿಮ್ಮ ಜೊತೆ ನರ್ಸ್ ತರಬೇತಿಗೆ ಬಂದವರಲ್ಲಿ ಯಾರಿಗಾದರೂ ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಲ್ಲಲು ಹೇಳಿ. ಹಿಂದಿನ ಮೂರು ಪತ್ರಗಳಲ್ಲಿ ‘ನಿಮ್ಮ ಮಂದಾರದ ಗಿಡ ಚೆನ್ನಾಗಿದೆ’ ಎಂದು ಬರೆದೆನಲ್ಲ, ಅದು ಹಸಿ ಸುಳ್ಳು.

ನೀವು ಹೊರಟ ತಿಂಗಳಿಗೇ ಅದರ ಎಲೆ ಹಳದಿಯಾಗಿ ಒಂದೊಂದೇ ಉದುರಿತು. ನೀರು ಸುರಿದೆ. ಇನ್ನಷ್ಟು ಉದುರಿತು. ಕೊನೆಗೆ ಕುಂಡದಲ್ಲಿ ಎದೆಯೆತ್ತರದ ಬೋಳು ಕಡ್ಡಿಯೊಂದು ಉಳಿಯಿತು. ಸತ್ತಿತೆಂದು ಅತ್ತು, ಬೇರು ಸಮೇತ ಕಿತ್ತು, ಬೇಲಿಯ ಮೂಲೆಗೆ ಎಸೆದೆ.

ತಿಂಗಳು ಕಳೆದು, ಅಂಥದ್ದೇ ಇನ್ನೊಂದು ತಂದು ನಿಮ್ಮನ್ನು ಯಾಮಾರಿಸೋಣ ಎಂದು ಗಿಡಗಳ ನರ್ಸರಿಗೆ ಹೋದೆ. ಅಲ್ಲಿಯ ಮಾಲೀಕರು, ನನ್ನ ವಯಸ್ಸಿನವರೇ, ಕಥೆ ಕೇಳಿ ಹಣೆ ಚಚ್ಚಿಕೊಂಡರು. “ಅದು ಎಲೆ ಉದುರಿಸೋ ಜಾತಿ ಕಣ್ರೀ! ನಿದ್ದೆ ಮಾಡ್ತಿರೋರನ್ನ ಯಾರಾದ್ರೂ ಹೊತ್ಕೊಂಡು ಹೋಗಿ ಹೂಳ್ತಾರಾ?” ಎಂದರು.

ಓಡಿ ಬಂದರೆ ಮೂಲೆ ಖಾಲಿ. ಪಕ್ಕದ ಮನೆಯ ಡ್ರೈವರ್ ಮಾವ ಬಸ್ಸು ಓಡಿಸುವ ಕೆಲಸ ಬಿಟ್ಟ ಮೇಲೆ ತರಕಾರಿ ಬೆಳೆಯುತ್ತಿದ್ದಾರಲ್ಲ, ಅವರು ನಾನೆಸೆದ ಮರುದಿನವೇ ಅದನ್ನೆತ್ತಿಕೊಂಡು ಹೋಗಿ ಬೀನ್ಸ್ ಬಳ್ಳಿ ಹಬ್ಬಲು ನೆಟ್ಟುಬಿಟ್ಟಿದ್ದರು. ಪಾತಿಯಲ್ಲಿ ಮೂವತ್ತೆಂಟು ಕೋಲು, ಎಲ್ಲಕ್ಕೂ ಬಳ್ಳಿ ಸುತ್ತಿಕೊಂಡಿದೆ. ಯಾವುದು ನಮ್ಮದು?

“ಕಿತ್ತರೆ ಬಳ್ಳಿ ಹರಿಯುತ್ತೆ. ಕಾಯಿ ಮುಗಿಯೋವರೆಗೂ ಒಂದು ಕೋಲೂ ಅಲ್ಲಾಡೋ ಹಾಗಿಲ್ಲ, ತಿಳೀತಾ?” ಎಂದು ಮಾವ ಸೊಂಟದ ಮೇಲೆ ಕೈಯಿಟ್ಟು ನಿಂತರು.

ಆ ದಿನ ನನಗೆ ಊಟ ಸೇರಲಿಲ್ಲ, ಅತ್ತಿಗೆ. ನಿಮ್ಮಮ್ಮ ಪಾಠ ಹೇಳುತ್ತಿದ್ದ ಶಾಲೆಯ ಮುಂದಿನ ಮರದ ಬೀಜದಿಂದ ಹುಟ್ಟಿದ ಗಿಡ ಅದು. ಈಗ ಆ ಮರವೂ ಇಲ್ಲ, ಅಮ್ಮನೂ ಇಲ್ಲ. ಬೇರೆ ಗಿಡ ತಂದು ಏನು ಮಾಡಲಿ?

ಮತ್ತೆ ಹೋಗಿ ಗೋಳಾಡಿದ್ದಕ್ಕೆ ನರ್ಸರಿಯವರೇ ಮನೆಗೆ ಬಂದು ಉಪಾಯ ಹೇಳಿಕೊಟ್ಟರು: ತೊಗಟೆಯನ್ನು ಉಗುರಿನಿಂದ ಕೆರೆದರೆ ಸತ್ತ ಕೋಲು ಒಳಗೆ ಕಂದು, ಬದುಕಿದ್ದು ಹಸಿರು. ಮರುದಿನ ಮಂಡಿಯೂರಿ ಎಲ್ಲವನ್ನೂ ಕೆರೆದೆ. ಹಸಿರು ಸಿಕ್ಕಿತು. ಒಂದಲ್ಲ, ಎರಡು! ಇನ್ನು ಎಲೆ ಬಂದರೇ ಗುರುತು ಎಂದು ನರ್ಸರಿಯವರು ದಿನಾ ಸಂಜೆ ಬಂದು ಕಣ್ಣರಳಿಸಿ ನೋಡಿ ಹೋಗುತ್ತಿದ್ದರು. “ಈತನಿಗೆ ಅಂಗಡಿ ಗಿಂಗಡಿ ಇಲ್ವೇನೇ?” ಎಂದು ಮಾವ ಗೊಣಗಿದರು.

ಇವತ್ತು ಬೆಳಿಗ್ಗೆ ಒಂದು ಕೋಲಿನ ತುದಿಯಲ್ಲಿ ಪುಟ್ಟ ಎಲೆ! ಬೈಂಡಿಂಗ್ ಅಂಗಡಿಯಲ್ಲಿ ದಿನವಿಡೀ ಕಾಗದ ಮಡಿಸುವ ನನಗೂ ಬಾರದಷ್ಟು ನೇರವಾಗಿ ನಡುವೆ ಮಡಿಸಿಕೊಂಡಿತ್ತು. ಬಿಸಿಲೇರಿದಂತೆ ಬಿಚ್ಚಿಕೊಂಡಿತು. ಎತ್ತಿನ ಗೊರಸಿನ ಗುರುತಿನಂಥ ಸೀಳೆಲೆ, ಸಾಕ್ಷಾತ್ ಮಂದಾರ! ನಾನು ಕಿರುಚಿದ್ದಕ್ಕೆ ಮಾವ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದರು. ಬ್ರಷ್ ಹೊರಗೆ ತೆಗೆದು, “ಮತ್ತೆ ಕೀಳಬೇಡ ಕಣೇ, ಇಲ್ಲೇ ಬೇರು ಬಿಟ್ಟಿದೆ. ನಾನೇ ಬೇಲೀನ ಈಚೆಗೆ ಹಾಕ್ಕೋತೀನಿ, ಗಿಡ ನಿಮ್ಮ ಕಡೆಗಿರ್ಲಿ” ಎಂದರು.

ಬೈಯುವುದನ್ನೆಲ್ಲ ಕೂಡಿಟ್ಟುಕೊಂಡು ಬೇಗ ಬನ್ನಿ.

ಕೊಲೆ ಆಪಾದನೆಯಿಂದ ಖುಲಾಸೆಯಾದ,
ನಿಮ್ಮ ನಾದಿನಿ

ಮರೆತಿದ್ದೆ: ಎರಡನೆಯ ಹಸಿರು ಕೋಲು ಮಾವ ನೆಟ್ಟಿದ್ದಲ್ಲವಂತೆ. ನರ್ಸರಿಯವರನ್ನು ಗದರಿಸಿ ಕೇಳಿದೆ. ಕೆರೆಯುವುದನ್ನು ಕಲಿಸಿದ ದಿನ ತಾವೇ ಬಳ್ಳಿಗಳ ಮರೆಯಲ್ಲಿ ಒಂದು ಹಸಿ ಕಡ್ಡಿ ಚುಚ್ಚಿ ಹೋಗಿದ್ದರಂತೆ. ಒಂದೇ ಸಿಕ್ಕಿದ್ದರೆ ದಿನಾ ಬರಲು ನೆಪ ಇರುತ್ತಿರಲಿಲ್ಲವಂತೆ. ಚೆನ್ನಾಗಿ ಬೈದೆ. ಆಮೇಲೆ ಟೀ ಕೊಟ್ಟೆ. ಅಣ್ಣನಿಗೆ ಇವರ ವಿಷಯ ನೀವೇ ಹೇಳಬೇಕು, ಅತ್ತಿಗೆ. ನಾನು ಹೇಳಹೋದರೆ ನನಗೇ ನಗು ಬರುತ್ತದೆ.